ಹೆಸರು ಕೇಳುವ ಬಾಗಿಲು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿ ಊರಿನ ಬಾಗಿಲು ಕಳೆದವಳು ನಾನೇ. ನಮ್ಮ ಬೀದಿಯ ಹೆಂಗಸರು ಇದನ್ನು ನಾಲ್ಕು ಬಗೆಯಲ್ಲಿ ಹೇಳುತ್ತಾರೆ, ನಾಲ್ಕರಲ್ಲೂ ನನ್ನ ಗಂಟಲು ಇದ್ದದ್ದಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ನಡೆದದ್ದನ್ನು ನಾನೇ ಹೇಳಿಬಿಡುವುದು ವಾಸಿ. ಈಗಲೂ ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ನನ್ನ ಹೆಸರು ಜರ್ರೀನ. ನಮ್ಮದು ಬಾಗಿಲು ಕೂಗುವವರ ಮನೆ. ಊರಿನ ಕೋಟೆಗೋಡೆಗೆ ಇದ್ದದ್ದು ಒಂದೇ ಬಾಗಿಲು. ಚಿನಾರ್ ಮರದ ಹಲಗೆಗಳದ್ದು, ಎರಡಾಳು ಎತ್ತರ, ಇನ್ನೂರು ವರ್ಷ ಹಳೆಯದು. ಸೂರ್ಯ ಮುಳುಗಿದ ಕೂಡಲೇ ಕಾವಲಿನವರು ಅದನ್ನು ನೂಕಿ ಮುಚ್ಚುತ್ತಿದ್ದರು. ಬೆಳಿಗ್ಗೆ ನೂಕಿದರೆ ತೆರೆಯುತ್ತಿರಲಿಲ್ಲ. ನಮ್ಮ ಮನೆಯವರೊಬ್ಬರು ಬಲಗೈಯನ್ನು ಹಲಗೆಯ ಮೇಲಿಟ್ಟು, ರಾಜಧಾನಿಯ ತಖ್ತದ ಮೇಲೆ ಶಾಹನಾಗಿ ಕೂರಬೇಕಾದವನು ಯಾರೋ ಅವನ ಹೆಸರನ್ನು, ಬಿರುದು ಬಾವಲಿ ಏನೂ ಸೇರಿಸದೆ, ಗಟ್ಟಿಯಾಗಿ ಹೇಳಬೇಕಿತ್ತು. ಹೆಸರು ಸರಿಯಿದ್ದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಶಾಹ ಸತ್ತಿದ್ದರೆ, ಇಲ್ಲವೆ ಅವನ ಕಾಲ ಮುಗಿದಿದ್ದರೆ, ಮಿಸುಕುತ್ತಿರಲಿಲ್ಲ. ರಾಜಧಾನಿ ನಮ್ಮೂರಿನಿಂದ ಒಂಟೆಯ ಮೇಲೆ ಒಂಬತ್ತು ದಿನದ ದಾರಿ. ಅಲ್ಲಿ ಶಾಹ ಕಣ್ಣು ಮುಚ್ಚಿದರೆ ಮರುದಿನ ಬೆಳಿಗ್ಗೆಯೇ ನಮಗೆ ಗೊತ್ತಾಗುತ್ತಿತ್ತು. ಗೊತ್ತಾಗಿ ಮಾಡುವುದೇನು, ಹೊಸ ಹೆಸರು ಸಿಗುವ ತನಕ ನಾವೆಲ್ಲ ಒಳಗೇ ಇರಬೇಕಾಗಿತ್ತು.

ಊರು ಇದಕ್ಕೆ ಹೊಂದಿಕೊಂಡಿತ್ತು. ಪ್ರತಿ ಮನೆಯಲ್ಲೂ ಹದಿನೈದು ದಿನದ ಹಿಟ್ಟು ಮಡಕೆಯಲ್ಲಿ ತುಂಬಿರುತ್ತಿತ್ತು. ಗೋಡೆಯ ಮೇಲೆ ಏಳು ಕಡೆ ರಾಟೆ, ಹಗ್ಗ, ಬುಟ್ಟಿ. ಹೊರಗಿನ ತೋಟದವರು ಕರಬೂಜ, ಈರುಳ್ಳಿ ತುಂಬಿ ಕೂಗು ಹಾಕಿದರೆ ನಾವು ಎಳೆದುಕೊಳ್ಳುತ್ತಿದ್ದೆವು. ನಮ್ಮ ಚಿಕ್ಕಮ್ಮ ಮದುವೆಯ ಜರಿ ತೊಟ್ಟು ಬುಟ್ಟಿಯಲ್ಲೇ ಇಳಿದು ಗಂಡನ ಮನೆಗೆ ಹೋದವಳು. ಅರ್ಧದಲ್ಲಿ ಹಗ್ಗ ಸಿಕ್ಕಿಕೊಂಡು, ಗೋಡೆಗೆ ತೂಗಾಡುತ್ತ, ಮೇಲಿದ್ದ ತವರಿನವರಿಗೂ ಕೆಳಗಿದ್ದ ಬೀಗರಿಗೂ ಅವಳು ಬೈದದ್ದನ್ನು ಜನ ಇನ್ನೂ ನೆನೆದು ನಗುತ್ತಾರೆ. ಸೌದೆ ಮಾತ್ರ ಬುಟ್ಟಿಯಲ್ಲಿ ಏರಿ ಬರುವ ವಸ್ತುವಲ್ಲ. ಬಾಗಿಲು ಎಂಟು ದಿನ ಮುಚ್ಚಿದರೆ ಊರಿನ ಒಲೆಗಳು ತಣ್ಣಗಾಗುತ್ತಿದ್ದವು, ಜನ ಹಿಟ್ಟನ್ನು ನೀರಿನಲ್ಲಿ ಕಲಸಿ ಹಾಗೇ ನುಂಗುತ್ತಿದ್ದರು.

ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅವನು ತೀರಿಕೊಂಡಾಗ ಹೆಂಗಸು ಕೂಗಬಹುದೇ ಎಂದು ಹಿರಿಯರು ಮೂರು ದಿನ ಗಡ್ಡ ನೀವಿಕೊಂಡರು. ದಾಯಾದಿಗಳು ಮೂವರು ಬಂದು ಕೂಗಿದರು, ಬಾಗಿಲು ಅಲುಗಲಿಲ್ಲ. ನಾನು ಕೈಯಿಟ್ಟು ಒಮ್ಮೆ ಹೇಳಿದೆ, ತೆರೆಯಿತು. ಆವತ್ತಿನಿಂದ ನನ್ನ ನಡಿಗೆಯೇ ಬೇರೆಯಾಯಿತು ಎಂದು ನಮ್ಮ ಮನೆಯವರು ಛೇಡಿಸುತ್ತಾರೆ. ಆಗಿದ್ದರೆ ಆಗಲಿ. ಎರಡು ಸಾವಿರ ಜನ ದಿನಾ ಬೆಳಿಗ್ಗೆ ನನ್ನ ಬಾಯನ್ನೇ ನೋಡುತ್ತ ನಿಂತಿರುವಾಗ ನಡಿಗೆ ಬದಲಾಗದೆ ಇರುತ್ತದೆಯೇ?

ಕೆಲಸದ ಜೊತೆಗೆ ಅಪ್ಪನ ಪಟ್ಟಿಯೂ ನನ್ನ ಕೈಗೆ ಬಂತು. ಅದರಲ್ಲಿ ಎರಡು ಮನೆತನಗಳ ರಾಜಕುಮಾರರ ಹೆಸರುಗಳಿದ್ದವು. ಮೊದಲನೆಯದು ಫೀರೂಜಿಗಳದು. ಅವರು ಇನ್ನೂರು ವರ್ಷ ಆಳಿದವರು, ಗುಲಾಬಿ ತೋಟದಲ್ಲಿ ಹುಟ್ಟಿ ಅಲ್ಲೇ ಸಾಯುತ್ತಿದ್ದವರು. ಎರಡನೆಯದು ಕರಾಬೇಗಿಗಳದು. ಅವರು ಕುದುರೆ ಸಾಕುವ ಬುಡಕಟ್ಟಿನವರು, ಮೂವತ್ತೊಂದು ವರ್ಷದ ಹಿಂದೆ ಫೀರೂಜಿಗಳನ್ನು ಇಳಿಸಿ ತಾವು ಹತ್ತಿ ಕೂತವರು. ಯಾವ ಮನೆಯವನೇ ಆಗಲಿ, ತಖ್ತಕ್ಕೆ ಏರಿದವನು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಸೋತವರ ಮಕ್ಕಳ, ತನ್ನದೇ ಅಣ್ಣತಮ್ಮಂದಿರ ಕಣ್ಣು ತೆಗೆಸುವುದು. ಕುರುಡ ಶಾಹನಾಗುವಂತಿಲ್ಲ. ಕಣ್ಣು ಹೋದವರ ಹೆಸರಿನ ಮುಂದೆ ಅಪ್ಪ ಒಂದು ಚುಕ್ಕೆ ಇಡುತ್ತಿದ್ದ. ನನ್ನ ಕೈಗೆ ಬಂದಾಗ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು, ಮೂವತ್ತನಾಲ್ಕು ಚುಕ್ಕೆಗಳಿದ್ದವು.

ಇನ್ನು ನಮ್ಮ ಮನೆಯವರು. ಇವರು ಹತ್ತಿ ಹಿಂಜುವವರು. ಊರಿನ ರಜಾಯಿಗಳಿಗೆ ತುಂಬುವ ಹತ್ತಿಯೆಲ್ಲ ಇವರ ಹಿಂಜುವ ಬಿಲ್ಲಿನ ಕೆಳಗೆ ಹಾದುಹೋದದ್ದೇ. ಹಿಂಜುವಾಗ ನಾರು ಒಳಗೆ ಹೋಗಬಾರದೆಂದು ಮೂಗುಬಾಯಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೂ ಬಿಚ್ಚುವುದಕ್ಕೆ ಮರೆಯುತ್ತಿದ್ದರು. ಗಡ್ಡದಲ್ಲಿ, ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ. ಮನೆಯಲ್ಲಿ ಎರಡು ಕೋಳಿಗಳಿದ್ದವು, ಅವೂ ಇವರ ಮಾತು ಕೇಳುತ್ತಿರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ನೂಲುವ ಅಜ್ಜಿಯೊಬ್ಬಳು ಇವರನ್ನು ಮಡಿಲಲ್ಲಿಟ್ಟುಕೊಂಡು ಬುಟ್ಟಿಯಲ್ಲಿ ಗೋಡೆ ಹತ್ತಿ ಬಂದಿದ್ದಳಂತೆ. ಮೊಮ್ಮಗ ಅಂದಳು, ಊರು ನಂಬಿತು. ನಮ್ಮ ಲಗ್ನವಾಗಿ ಆಗ ಹನ್ನೆರಡು ವರ್ಷ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ನಾನು ಇವರ ಹೆಸರು ಹೇಳಿರಲಿಲ್ಲ. ನಮ್ಮೂರಿನಲ್ಲಿ ಯಾವ ಹೆಂಡತಿಯೂ ಹೇಳುವುದಿಲ್ಲ. "ರೀ" ಅಂದರೆ ಮುಗಿಯಿತು, ಬೀದಿಯ ಅಷ್ಟೂ ಗಂಡಸರಲ್ಲಿ ತಿರುಗಬೇಕಾದವನು ತಿರುಗುತ್ತಾನೆ.

ಆ ವರ್ಷ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಕರಾಬೇಗಿ ಶಾಹನ ಹೆಸರಿಗೆ ಬಾಗಿಲು ತೆರೆಯಲಿಲ್ಲ. ಮುದುಕ ಸತ್ತ ಎಂದು ಊರಿಗೆ ತಿಳಿಯಿತು. ಪಟ್ಟಿ ಹಿಡಿದು ಕೂತೆ. ಮೂರನೆಯ ದಿನ, ಕುದುರೆ ಬದಲಿಸುತ್ತ ಹಗಲಿರುಳು ಓಡಿಬಂದ ಸವಾರನಿಂದ ಬುಟ್ಟಿಯಲ್ಲಿ ಸುದ್ದಿ ಬಂತು, ಅವನ ಮಗ ಯೂಲ್‌ಬಾರ್ಸ್ ಮಿರ್ಜಾ ತಾನೇ ಶಾಹ ಅಂದುಕೊಂಡಿದ್ದಾನೆಂದು. ಕೂಗಿದೆ. ಬಾಗಿಲು ಸುಮ್ಮನಿತ್ತು. ಆರನೆಯ ದಿನ ಮತ್ತೊಂದು ಸುದ್ದಿ, ತುಘಾನ್ ಎಂಬ ಸರ್ದಾರ ಎಲ್ಲಿಂದಲೋ ಒಬ್ಬ ಫೀರೂಜಿ ಕುಲದವನನ್ನು ಹುಡುಕಿ ತಂದು ಪಲ್ಲಕ್ಕಿಯಲ್ಲಿ ಕೂರಿಸಿದ್ದಾನೆ, ಅವನ ಹೆಸರು ಖುಸ್ರವ್ ಮಿರ್ಜಾ ಎಂದು. ಕೂಗಿದೆ. ಬಾಗಿಲಿಗೆ ಕಿವಿಯೇ ಇಲ್ಲವೇನೋ ಅನ್ನಿಸಿತು. ಪಟ್ಟಿಯಲ್ಲಿ ಉಳಿದವರನ್ನೂ ಕೂಗಿದೆ, ಚುಕ್ಕೆಯವರನ್ನೂ ಕೂಗಿದೆ. ಹನ್ನೊಂದು ದಿನವಾಯಿತು. ನನ್ನ ಧ್ವನಿ ಒಡೆದುಹೋಯಿತು. ಊರಿನ ಹಿರಿಯ ಖ್ವಾಜಾ ರುಕ್ನುದ್ದೀನ್ ದಿನಾ ಬಂದು "ಇವತ್ತರೆ ತಗೀತದೇನವಾ?" ಎಂದು ಕೇಳುವುದೂ, ನಮ್ಮ ಪಕ್ಕದ ತಂದೂರಿನ ಗುಲಂದಾಮ್ ಅಕ್ಕ ಬರಿದಾದ ಒಲೆಗೆ ತಲೆ ತೂರಿಸಿ ನಿಟ್ಟುಸಿರು ಬಿಡುವುದೂ ನಡೆದೇ ಇತ್ತು.

ಹನ್ನೆರಡನೆಯ ಬೆಳಿಗ್ಗೆ ಊರೆಲ್ಲ ಬಾಗಿಲ ಮುಂದೆ ಸೇರಿತ್ತು. ನನ್ನ ಗಂಟಲಿಗೆಂದು ಬಿಹಿದಾನೆ ಬೀಜ ನೆನೆಸಿದ ಲೋಳೆ ನೀರನ್ನು ಮನೆಯಿಂದ ತರುತ್ತೇನೆ ಎಂದು ಇವರು ಹೇಳಿದ್ದರು. ನಾನು ಬಲಗೈಯನ್ನು ಹಲಗೆಯ ಮೇಲಿಟ್ಟು ಕಾಯುತ್ತಿದ್ದೇನೆ, ಗಂಟಲಲ್ಲಿ ಮುಳ್ಳು ಆಡಿದ ಹಾಗಾಗುತ್ತಿದೆ, ಜನ ಗೊಣಗುತ್ತಿದ್ದಾರೆ, ಇವರ ಪತ್ತೆಯಿಲ್ಲ. ತಿರುಗಿ ನೋಡಿದೆ. ಗುಂಪಿನ ಮುಂದೆಯೇ ನಿಂತಿದ್ದಾರೆ. ಯಾರ ಹತ್ತಿರವೋ ರಜಾಯಿಯ ಮಾತು ನಡೆದಿದೆ. ಮಾತಿನ ನಡುವೆ ಬಟ್ಟಲೆತ್ತಿ ನನ್ನ ನೀರನ್ನು ತಾವೇ ಗುಟಕರಿಸುತ್ತಿದ್ದಾರೆ!

ಹನ್ನೊಂದು ದಿನದ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು. ಕೈ ಹಲಗೆಯ ಮೇಲೆಯೇ ಇತ್ತು. "ರೀ" ಅನ್ನಬೇಕಾದ ಬಾಯಿ ಇವರ ಹೆಸರನ್ನೇ, ಪೂರ್ತಿ ಹೆಸರನ್ನೇ, ಗೋಡೆಯ ಆಚೆಗೂ ಕೇಳುವಂತೆ ಕೂಗಿಬಿಟ್ಟಿತು.

ಬಾಗಿಲು ತೆರೆಯಿತು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಾಗಿಲಿನ ಪರಿವೆಯೇ ಇರಲಿಲ್ಲ. ಅಯ್ಯೋ, ಊರಿನ ಎದುರಿಗೆ ಗಂಡನ ಹೆಸರು ಹೇಳಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬೆನ್ನಿಗೆ ಬಿಸಿಲು ಬಿದ್ದಾಗಲೇ ತಿಳಿದದ್ದು. ಹನ್ನೊಂದು ದಿನದಿಂದ ಹೊರಗೆ ಒರಗಿ ಕೂತಿದ್ದ ತೋಟದ ಯಾಕೂಬ್ ಚಾಚಾ ಕರಬೂಜಗಳ ಸಮೇತ ಒಳಗೆ ಉರುಳಿಬಿದ್ದ. ಒಂದು ಕರಬೂಜ ಉರುಳುತ್ತ ಉರುಳುತ್ತ ಹೋಗಿ ಇವರ ಕಾಲಿನ ಹತ್ತಿರ ನಿಂತಿತು. ಎರಡು ಸಾವಿರ ಜನ ಮೊದಲು ಕರಬೂಜವನ್ನು ನೋಡಿದರು, ಆಮೇಲೆ ಕಾಲನ್ನು, ಆಮೇಲೆ ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿದ ಇವರ ಮುಖವನ್ನು.

"ಯಾರ ಹೆಸರ ಹೇಳಿದಿ?" ಎಂದಳು ಗುಲಂದಾಮ್ ಅಕ್ಕ ಮೆಲ್ಲಗೆ. ಅವಳಿಗೆ ಕೇಳಿಸಿತ್ತು. ಎಲ್ಲರಿಗೂ ಕೇಳಿಸಿತ್ತು.

ಖ್ವಾಜಾ ರುಕ್ನುದ್ದೀನ್ ಮಂಡಿಯೂರಿಬಿಟ್ಟ. ಎಪ್ಪತ್ತರ ಮುದುಕ, ಹೋದ ವಾರವಷ್ಟೇ ರಜಾಯಿಯಲ್ಲಿ ಗಂಟುಗಳಿವೆ ಎಂದು ಇವರಿಗೆ ಬೀದಿಯಲ್ಲಿ ಬಾಯಿಗೆ ಬಂದಂತೆ ಅಂದಿದ್ದವನು, ಈಗ ನೆಲಕ್ಕೆ ಹಣೆ ಹಚ್ಚಿ "ಹುಜೂರ್, ಗಂಟಿನ ಮಾತು ಮರತಬಿಡ್ರಿ" ಎಂದು ಗೋಗರೆದ. ಯಾರೋ ದಿಂಬು ತಂದರು. ಯಾರೋ ಛತ್ರಿ ಅಂದರು, ಛತ್ರಿ ಸಿಗದೆ ರೊಟ್ಟಿಯ ತಟ್ಟೆಯನ್ನೇ ಇವರ ತಲೆಯ ಮೇಲೆ ಹಿಡಿದರು. ಇವರು ಬಟ್ಟಲು ಹಿಡಿದು ನಿಂತಲ್ಲೇ ನಿಂತಿದ್ದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಅಷ್ಟರಲ್ಲಿ ಯಾಕೂಬ್ ಚಾಚಾ ಮೈ ಕೊಡವಿಕೊಂಡು ಎದ್ದು ಬಾಯಿಬಡಿದುಕೊಂಡ. "ದಿಂಬು ಗಿಂಬು ಒಗೀರಿ! ಎರಡೂ ಫೌಜು ಬರಾಕತ್ತಾವ. ಮೂಡಲ ಕಡಿಂದ ಮಿರ್ಜಾಂದು, ಬಡಗಲ ಕಡಿಂದ ತುಘಾನ್ ಸರ್ದಾರಂದು. ನಿಮ್ಮ ಬಾಗಲಾ ಯಾರ ಹೆಸರಿಗೆ ತಗೀತದೋ ಅಂವನ ಶಾಹ ಅಂತ ಇಬ್ಬರೂ ಒಪ್ಪಿ ಬರಾಕತ್ತಾರ. ಮಧ್ಯಾಹ್ನದ ನಮಾಜಿಗೆ ಇಲ್ಲಿರ್ತಾರ!"

ಗೋಡೆಯ ಮೇಲಿದ್ದ ಕಾವಲಿನವನು ಎರಡು ಕಡೆಗೂ ಕೈ ತೋರಿಸಿದ. ಎರಡು ಕಡೆಗೂ ಧೂಳು ಎದ್ದಿತ್ತು.

ಇವರ ತೋಳು ಹಿಡಿದು ಬಾಗಿಲ ಪಕ್ಕದ ನನ್ನ ಕೋಣೆಗೆ ಎಳೆದುಕೊಂಡು ಹೋದೆ. ಜನ ನಮ್ಮಿಬ್ಬರಿಗೂ ದಾರಿ ಬಿಟ್ಟರು. ಹೆಂಡತಿ ಎಳೆದೊಯ್ಯುವ ಶಾಹನನ್ನು ಅವರು ಅಲ್ಲಿಯ ತನಕ ಕಂಡಿರಲಿಲ್ಲ. ಕದ ಮುಚ್ಚಿ ಕೇಳಿದೆ, "ನಿಮಗ ಗೊತ್ತಿತ್ತೇನ್ರೀ?"

"ಗೊತ್ತಿತ್ತು," ಅಂದರು.

ಇಲ್ಲ ಅನ್ನುತ್ತಾರೆ, ಬಾಗಿಲಿಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ, ಇಬ್ಬರೂ ನಕ್ಕುಬಿಡುತ್ತೇವೆ ಎಂದು ಆಸೆಯಿತ್ತು ನನಗೆ. ಇವರು ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಪಟ್ಟಿಯನ್ನು ತೆಗೆದು ಮೊದಲನೆಯ ಹಾಳೆ ಬಿಡಿಸಿದರು. ಫೀರೂಜಿಗಳ ಹಾಳೆ. ಕೊನೆಯ ಸಾಲಿನಲ್ಲಿ ಅಪ್ಪನ ಅಕ್ಷರದಲ್ಲಿ, 'ಮತ್ತೊಂದು ಗಂಡು ಕೂಸು, ಹೆಸರು ತಿಳಿಯದು, ತೀರಿಕೊಂಡಿತು' ಎಂದಿತ್ತು. ಅದರ ಮೇಲೆ ಬೆರಳಿಟ್ಟರು. "ಇದು ನಾನು. ಮ್ಯಾಲಿನ ನಾಕು ಹೆಸರು ನಮ್ಮ ಅಣ್ಣಗೋಳದು." ನಾಲ್ಕರ ಮುಂದೆಯೂ ಚುಕ್ಕೆಗಳಿದ್ದವು. "ಸಾಲಾಗಿ ಕೂಡಿಸಿದ್ರು. ನನ್ನ ಸರದಿ ಬರೂದರೊಳಗ ಅಜ್ಜಿ ನನ್ನ ಹತ್ತಿ ಮೂಟಿಯೊಳಗ ಹಾಕ್ಕೊಂಡು ಹೊರಗ ಬಂದ್ಲು. ನನಗ ಬ್ಯಾರೆ ಏನೂ ನೆನಪಿಲ್ಲ. ಹತ್ತಿ ವಾಸನಿ ಅಷ್ಟ ನೆನಪದ."

ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಹೊಳೆಯಿತು. ಈ ಬಾಗಿಲು ಕೇಳುವುದು ನನ್ನ ಅಪ್ಪನ ಮನೆತನದವರ ಧ್ವನಿ ಮಾತ್ರ. ಆ ಮನೆತನದಲ್ಲಿ ಉಳಿದವಳು ನಾನೊಬ್ಬಳೇ. ಹೆಂಡತಿಯಾದವಳು ಹೆಸರು ಹೇಳುವುದಿಲ್ಲ.

"ಅದಕ್ಕ ನನ್ನ ಲಗ್ನ ಆದ್ರಿ?" ಅಂದೆ. ಧ್ವನಿ ಎಲ್ಲೋ ದೂರದಿಂದ ಬಂತು. "ಊರೊಳಗ ನಿಮ್ಮ ಹೆಸರ ಹೇಳಿದ್ರ ಅಪಾಯ ಆಗೂದು ನನ್ನೊಬ್ಬಾಕಿಂದ. ಆ ಬಾಯಿ ಮುಚ್ಚಸಾಕ ಲಗ್ನ ಆದ್ರಿ. ಹೌದಲ್ರೀ?"

ಇವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಅಂದೇ ನಮ್ಮ ಸಂಸಾರ ಮುಗಿಯುತ್ತಿತ್ತು. ತಲೆ ತಗ್ಗಿಸಿ, "ಮದಲನೇ ವರ್ಷ ಅದಕ್ಕ," ಅಂದರು. "ಆಮ್ಯಾಲಿನ ಹನ್ನೊಂದು ವರ್ಷ ಅದಕ್ಕಲ್ಲ."

ಅತ್ತೆ. ಬಟ್ಟಲಿನಲ್ಲಿ ಉಳಿದಿದ್ದ ನೀರನ್ನು ಕೊಟ್ಟರು, ಕುಡಿದೆ. "ಶಾಹ ಆಗಬೇಕಂತೀರೇನು?" ಎಂದು ಕೇಳಿದೆ. "ನನಗ ಹೇಳ್ರಿ. ಆಗಬೇಕಂದ್ರ ಈಗ ಬಾಗಲಾ ಹಾಕಸ್ತೀನಿ. ಅವರ ಮುಂದ ನಿಂತು ಕೂಗತೀನಿ. ನಾನು ಅಂಜೂದಿಲ್ಲ."

ಇವರು ಕಿಟಕಿಯತ್ತ ನೋಡಿದರು. ಹೊರಗೆ ಗೋಡೆಯ ಮೇಲೆ ದಾಳಿಂಬೆಯ ಕೊಂಬೆ ಬಾಗಿತ್ತು, ಹಣ್ಣುಗಳು ಒಡೆದಿದ್ದವು. "ನನಗ ಇದನ್ನ ನೋಡಕೋತ ಇರಬೇಕನಸ್ತದ," ಅಂದರು. ಅಷ್ಟೇ. ಆಮೇಲೆ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ.

ಹೊರಗೆ ಬಂದರೆ ಊರಿಗೆ ಬೇರೆಯೇ ಹುಚ್ಚು ಹಿಡಿದಿತ್ತು. ಖ್ವಾಜಾ ರುಕ್ನುದ್ದೀನ್ ಕಟ್ಟೆ ಹತ್ತಿ ನಿಂತು, ಇನ್ನು ಮೇಲೆ ನಮ್ಮೂರೇ ರಾಜಧಾನಿ, ಇಲ್ಲೇ ಅರಮನೆ, ಕೊಳದ ಹತ್ತಿರ ದರ್ಬಾರು ಎಂದು ಜಾಗ ಹಂಚುತ್ತಿದ್ದ. ಗಂಡಸರು ಜೈಕಾರ ಹಾಕುತ್ತಿದ್ದರು. ಚಮ್ಮಾರನೊಬ್ಬ ಆಗಲೇ ವಜೀರನಾಗಿಬಿಟ್ಟಿದ್ದ. ನನ್ನನ್ನು ಕಂಡು ಖ್ವಾಜಾ, "ಮಲಿಕಾ ಸಾಹೇಬಾ, ಬಾಗಲಾ ಹಾಕಿಬಿಡೋಣ. ಫೌಜು ಬಂದು ನಿಂತ ಮ್ಯಾಲ ನೀವು ಹೆಸರ ಹೇಳ್ರಿ. ಇಬ್ಬರ ಮಾರಿ ನೋಡಬೇಕು ನಾನು!" ಎಂದು ಕೇಕೆ ಹಾಕಿದ.

ಕಾವಲಿನವರು ಬಾಗಿಲಿಗೆ ಹೆಗಲು ಕೊಡಲು ಹೊರಟಿದ್ದರು. ನಾನು ಓಡಿಹೋಗಿ ಎರಡು ಕದಗಳ ನಡುವೆ ನಿಂತೆ.

"ಖ್ವಾಜಾ," ಅಂದೆ, "ಆ ಎರಡೂ ಕಡಿಯವರು ಮೂವತ್ತು ವರ್ಷದಿಂದ ಒಂದು ಕೆಲಸಕ್ಕೂ ಕೈ ಕೂಡಿಸಿಲ್ಲ. ನಾನು ಆ ಹೆಸರ ಕೂಗಿದ್ನೆಂದ್ರ ಮದಲನೇ ಸಲ ಕೂಡತಾರ. ನಮ್ಮ ಮನಿಯವರ ಕಣ್ಣ ತಗ್ಯಾಕ ಕೂಡತಾರ. ನಿಮ್ಮ ಹಂತೇಲಿ ಫೌಜದ ಏನು? ಬಿಲ್ಲಂದ್ರ ಊರಾಗ ಒಂದ ಅದ, ಅದು ಹತ್ತಿ ಹಿಂಜೂದು."

ಚಮ್ಮಾರ ವಜೀರಗಿರಿಯಿಂದ ಮೆಲ್ಲಗೆ ಕೆಳಗಿಳಿದ. ಬಾಗಿಲು ಮುಚ್ಚದೆ ಬಿಟ್ಟರೆ ಸೈನ್ಯವೇ ಬಂದು ಮುಚ್ಚಿಸಿ, ಕೂಗು ಎಂದು ಕತ್ತಿನ ಮೇಲೆ ಕತ್ತಿ ಇಡುತ್ತದೆ ಎಂದು ಯಾರೋ ಹೇಳಿದರು. ಅದೂ ನಿಜವಾಗಿತ್ತು. ಮುಚ್ಚುವುದಕ್ಕೆ ಬಾಗಿಲು ಇರುವ ತನಕ ಅದಕ್ಕೊಂದು ಹೆಸರು ಬೇಕೇ ಬೇಕಾಗಿತ್ತು.

ಆಗ ಗುಲಂದಾಮ್ ಅಕ್ಕ ಮುಂದೆ ಬಂದಳು. ಅವಳಿಗೆ ಶಾಹ, ಮಿರ್ಜಾ ಯಾರೂ ಬೇಕಿರಲಿಲ್ಲ. ನಾಲ್ಕು ದಿನದಿಂದ ಅವಳ ತಂದೂರು ತಣ್ಣಗಿತ್ತು. ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದಳು, ಮೂಸಿ ನೋಡಿದಳು. "ಇನ್ನೂರು ವರ್ಷ ಒಣಗಿದ ಚಿನಾರ," ಅಂದಳು. "ಏನ್ ಉರೀತದ ಇದು! ಊರಿಗೆಲ್ಲ ರೊಟ್ಟಿ ಆಗ್ತದ, ಬರೂ ಫೌಜಿಗೂ ಆಗ್ತದ."

ಎಲ್ಲರೂ ನನ್ನ ಕಡೆ ತಿರುಗಿದರು. ಅದು ನನ್ನ ಬಾಗಿಲು, ನನ್ನ ಅಪ್ಪನದು, ಅವನ ಅಪ್ಪನದು. ಊರಿನಲ್ಲಿ ನಾನು ಯಾರೆಂದು ಕೇಳಿದರೆ ಹೇಳಲು ನನಗಿದ್ದದ್ದು ಅದೊಂದೇ. ಬಲಗೈಯಿಟ್ಟು ಇಟ್ಟು ಒಂದು ಹಲಗೆ ನಯವಾಗಿತ್ತು. ಅಪ್ಪನ ಅಂಗೈ ದೊಡ್ಡದು, ನನ್ನದು ಅದರೊಳಗೆ ಕೂರುತ್ತಿತ್ತು. ಕೊನೆಯ ಸಲ ಅಲ್ಲಿ ಕೈಯಿಟ್ಟು ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಆಮೇಲೆ ಇವರ ಹತ್ತಿ ಬಡಿಯುವ ಕೊಡತಿಯನ್ನು ತರಿಸಿ, ಕದ ತಿರುಗುವ ತಿರುಗಣೆಯ ಮೇಲೆ ಮೊದಲ ಪೆಟ್ಟನ್ನು ನಾನೇ ಹಾಕಿದೆ.

ಆಹಾ, ಆ ಮುಂಜಾನೆ! ಅಷ್ಟು ಖುಷಿಯಿಂದ, ಅಷ್ಟು ಹೆದರಿಕೆಯಿಂದ ನಮ್ಮೂರು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಡಗಿಗಳು ಹಾರೆ ತಂದರು, ಹೆಂಗಸರು ಬುಟ್ಟಿಯ ಹಗ್ಗಗಳನ್ನು ಬಿಚ್ಚಿ ತಂದರು, ನೂರು ಜನ ಒಂದೇ ಉಸಿರಿಗೆ ಎಳೆದರು. ಎಡಗಡೆಯ ಕದ ಮೊದಲು ಬಿತ್ತು. ಅದು ಬಿದ್ದಾಗ ಎದ್ದ ಧೂಳಿನಲ್ಲಿ ಖ್ವಾಜಾ ರುಕ್ನುದ್ದೀನ್ ಕೆಮ್ಮುತ್ತ, ಅರಮನೆಯನ್ನು ಮರೆತು, "ಇತ್ಲಾಗ ಎಳೀರಿ, ಇತ್ಲಾಗ!" ಎಂದು ಕುಣಿಯುತ್ತಿದ್ದ. ಕೊಡಲಿಗಳು ಬಿದ್ದವು. ಹಲಗೆಗಳು ತುಂಡಾಗಿ ಬೀದಿ ಬೀದಿಗೆ ಹಂಚಿಹೋದವು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಊರಿನ ಮೂವತ್ತು ತಂದೂರುಗಳೂ ಹೊಗೆಯಾಡುತ್ತಿದ್ದವು, ನಾಲ್ಕು ದಿನದ ಮೇಲೆ ಬಿಸಿ ರೊಟ್ಟಿಯ ವಾಸನೆ ಊರು ತುಂಬಿತ್ತು.

ಸೈನ್ಯಗಳು ಬಂದವು. ಮೂಡಲಲ್ಲಿ ಕುದುರೆಗಳು, ಬಡಗಲಲ್ಲಿ ಒಂಟೆಗಳ ಮೇಲೆ ಸಣ್ಣ ತೋಪುಗಳು. ಕಣ್ಣು ಹಾಯಿಸಿದಷ್ಟು ದೂರ ಈಟಿಗಳು. ಬಾಗಿಲಿದ್ದ ಕಂಡಿಯಲ್ಲಿ ನಾನು ನಿಂತಿದ್ದೆ. ಯೂಲ್‌ಬಾರ್ಸ್ ಮಿರ್ಜಾ ಕುದುರೆಯನ್ನು ಮುಂದೆ ತಂದ. ಇಪ್ಪತ್ತೈದರ ಪ್ರಾಯ, ಕೆಳತುಟಿಯನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಿದ್ದ. ಇನ್ನೊಂದು ಕಡೆಯಿಂದ ತುಘಾನ್ ಸರ್ದಾರ, ಪಕ್ಕದಲ್ಲಿ ಪರದೆ ಬಿಟ್ಟ ಪಲ್ಲಕ್ಕಿ.

"ಬಾಗಲಾ ಎಲ್ಲದ?" ಎಂದು ಗುಡುಗಿದ ಮಿರ್ಜಾ.

"ಒಲಿಯೊಳಗ, ಹುಜೂರ್," ಅಂದೆ. "ಊರೊಳಗ ಕಟಗಿ ಇರಲಿಲ್ಲ, ಕೂಸುಗಳು ಹಸದಿದ್ದುವು. ರೊಟ್ಟಿ ಆಗ್ಯಾವ. ಬಿಸಿ ಅದಾವ, ತಗೋರಿ."

ಹಿಂದಿನಿಂದ ಗುಲಂದಾಮ್ ಅಕ್ಕನ ತಟ್ಟೆಗಳು ಬಂದವು. ತಟ್ಟೆ ಹೊತ್ತು ಮಿರ್ಜಾನ ಕುದುರೆಯ ಹತ್ತಿರ ಹೋದವರು ಯಾರೆಂದುಕೊಂಡಿರಿ? ನಮ್ಮ ಮನೆಯವರು! ಅಡಗಿ ಕೂತಿರಿ ಎಂದು ಹೇಳಿ ಬಂದಿದ್ದೆ. ಎಲ್ಲರೂ ಹೊರಗಿರುವಾಗ ಒಬ್ಬನೇ ಒಳಗೆ ಕೂತರೆ ಸಂಶಯ ಬರುತ್ತದೆ ಎಂದು ಇವರ ವಾದ. ಮೂಗುಬಾಯಿಗೆ ಬಟ್ಟೆ ಸುತ್ತಿತ್ತು, ಹುಬ್ಬಿನ ತುಂಬ ಹತ್ತಿ. ಮಿರ್ಜಾ ರೊಟ್ಟಿ ತೆಗೆದುಕೊಳ್ಳಲು ಬಾಗಿ ಇವರ ಕಣ್ಣುಗಳನ್ನು ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

"ಯಾಂವ ಇಂವ?" ಎಂದು ನನ್ನನ್ನು ಕೇಳಿದ.

"ನಮ್ಮ ಮನಿಯವರು, ಹುಜೂರ್. ಹತ್ತಿ ಹಿಂಜತಾರ."

"ಹೆಸರೇನು?"

ನನ್ನ ಹಿಂದೆ ಎರಡು ಸಾವಿರ ಜನ ನಿಂತಿದ್ದರು. ಬೆಳಿಗ್ಗೆ ಆ ಹೆಸರನ್ನು ಕೇಳಿದ ಎರಡು ಸಾವಿರ ಜೊತೆ ಕಿವಿಗಳು. ಒಬ್ಬ ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು ನೆಲ ನೋಡಿದೆ. "ಹುಜೂರ್, ಎಲ್ಲಾರ ಮುಂದ ಗಂಡನ ಹೆಸರ ಹೇಳಸ್ತೀರೇನು? ನಮ್ಮೂರ ಹೆಂಗಸರು ಹೇಳೂದಿಲ್ಲ."

ಮೊದಲು ನಕ್ಕಳು ಗುಲಂದಾಮ್ ಅಕ್ಕ. ಆಮೇಲೆ ಊರೇ ನಕ್ಕಿತು, ಹೊಟ್ಟೆ ಹಿಡಿದು, ಕಣ್ಣೀರು ಬರುವ ತನಕ. ಸೈನಿಕರಿಗೂ ನಗು ತಟ್ಟಿತು. ಮಿರ್ಜಾನ ತುಟಿಯೂ ಸಡಿಲವಾಯಿತು. "ನಮ್ಮವ್ವನೂ ಹೇಳತಿರಲಿಲ್ಲ," ಅಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಒಂದು ತುತ್ತು ನುಂಗಿದವನು ಮತ್ತೆ ಗಂಭೀರನಾದ. "ಮುಚ್ಚಿದ್ದ ಹನ್ನೊಂದು ದಿನ ಯಾರ ಹೆಸರ ಕೂಗಿದಿ?"

ಇದಕ್ಕೆ ಉತ್ತರ ನನ್ನಲ್ಲಿತ್ತು. ಕುದುರೆಯ ಹತ್ತಿರ ಹೋಗಿ, ಅವನಿಗೊಬ್ಬನಿಗೇ ಕೇಳುವಂತೆ, "ಎಲ್ಲಾರ್ದೂ ಕೂಗಿನ್ರಿ. ಮೂರನೇ ದಿನ ನಿಮ್ಮದೂ ಕೂಗಿದೆ. ಬಾಗಲಾ ಏನ ಮಾಡ್ತು ಅಂತ ಫೌಜಿಗೆ ಕೇಳೂಹಂಗ ಹೇಳ್ಲೇನು?" ಅಂದೆ.

ಅವನ ದವಡೆ ನಿಂತಿತು. ಕಿವಿಯ ತುದಿ ಕೆಂಪಾಯಿತು. "ಬ್ಯಾಡ," ಅಂದ.

ಅಲ್ಲಿಂದ ಪಲ್ಲಕ್ಕಿಯ ಹತ್ತಿರ ಹೋದೆ. ಸರ್ದಾರನ ಕಿವಿಯ ಬಳಿ, ಆರನೆಯ ದಿನ ಖುಸ್ರವ್ ಮಿರ್ಜಾನ ಹೆಸರು ಕೂಗಿದ್ದನ್ನು ಹೇಳಿದೆ. ಅವನು ಮೀಸೆಯ ತುದಿ ತಿರುವುತ್ತ ಆಕಾಶ ನೋಡಿದ. ಪರದೆ ಸರಿಸಿಕೊಂಡು ಫೀರೂಜಿ ಕುಲದವನೆನ್ನಿಸಿಕೊಂಡವನು ತಲೆ ಹೊರಹಾಕಿದ. ದುಂಡು ಮುಖ, ತುಂಬ ಹೆದರಿದ ಕಣ್ಣು. "ಇನ್ನೊಂದು ರೊಟ್ಟಿ ಸಿಗತದೇನು?" ಎಂದು ಕೇಳಿದ. ಎರಡು ಕೊಟ್ಟೆ.

ಆಗ ನಾನು ಇಬ್ಬರ ಮುಖವನ್ನೂ ನೋಡಿದೆ. ಸಿಟ್ಟು ಬರಬೇಕಿತ್ತಲ್ಲ? ಇಬ್ಬರಿಗೂ ನಿರಾಳವಾಗಿತ್ತು! ದಾರಿಯುದ್ದಕ್ಕೂ ಇಬ್ಬರೂ ಬೆವರಿಕೊಂಡೇ ಬಂದಿದ್ದರು, ತನ್ನ ಹೆಸರಿಗೆ ತೆರೆಯದಿದ್ದರೆ ಏನು ಗತಿ ಎಂದು. ಇನ್ನು ಅವರನ್ನು ಹೌದು ಅಲ್ಲ ಅನ್ನುವ ಬಾಗಿಲೇ ಇರಲಿಲ್ಲ. ನಮಗೆ ಶಿಕ್ಷೆ ಕೊಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಊರಿನ ರೊಟ್ಟಿಯನ್ನೆಲ್ಲ ತಿಂದು, ಕೊಳದ ನೀರನ್ನು ಅರ್ಧ ಕುಡಿದು, ಸಂಜೆಯ ಒಳಗೆ ಒಬ್ಬರು ತೆಂಕಲಿಗೆ ಇನ್ನೊಬ್ಬರು ಪಡುವಲಿಗೆ ಹೊರಟರು. ಎಲ್ಲೋ ಬಯಲಿನಲ್ಲಿ ಮುಂದೆ ಹೊಡೆದಾಡಿಕೊಂಡರಂತೆ. ಆಮೇಲೆ ಮೂವರು ಶಾಹರು ಬಂದು ಹೋದರು. ಈಗ ನಮಗೂ ಉಳಿದ ಊರುಗಳ ಹಾಗೆ ಒಂಟೆಯವರಿಂದ ತಿಂಗಳು ತಡವಾಗಿ ತಿಳಿಯುತ್ತದೆ.

ಯಾರೂ ಬಾಯಿಬಿಡಲಿಲ್ಲ, ಇವತ್ತಿನ ತನಕ. ಆ ವರ್ಷ ಹುಟ್ಟಿದ ಗಂಡುಮಕ್ಕಳಿಗೆಲ್ಲ ಖ್ವಾಜಾ ಹೇಳಿ ಇವರ ಹೆಸರನ್ನೇ ಇಡಿಸಿದ. ಯಾರಾದರೂ ಹುಡುಕಿಕೊಂಡು ಬಂದರೆ ಹತ್ತೊಂಬತ್ತು ಜನ ಓಗೊಡಲಿ ಎಂದು.

ಬಾಗಿಲು ಸುಟ್ಟ ಮರುದಿನ ಬೆಳಿಗ್ಗೆ ರೂಢಿಯಂತೆ ಎದ್ದು, ಮುಖ ತೊಳೆದು, ಬಾಗಿಲಿದ್ದ ಕಂಡಿಗೆ ಹೋದೆ. ಯಾರೂ ಕಾಯುತ್ತಿರಲಿಲ್ಲ. ಯಾಕೂಬ್ ಚಾಚಾ ಕತ್ತೆ ಹೊಡೆದುಕೊಂಡು, ನನ್ನ ಕಡೆ ನೋಡದೆಯೇ ಒಳಗೆ ಬಂದ. ಬಲಗೈ ಎತ್ತಿದೆ, ಇಡಲು ಏನೂ ಇರಲಿಲ್ಲ. ಅಳು ಒತ್ತರಿಸಿ ಬಂತು. ದಿನದ ಮೊದಲ ಮಾತನ್ನು ಎರಡು ಸಾವಿರ ಜನರಿಗೆ ಹೇಳಿ ಅಭ್ಯಾಸವಾದ ಗಂಟಲು ನನ್ನದು, ಅದು ಸುಮ್ಮನಿರಲು ಒಪ್ಪಲಿಲ್ಲ. ಊರು ಹೇಗೂ ಒಮ್ಮೆ ಕೇಳಿಯಾಗಿತ್ತು. ಮನೆಯ ಕಡೆ ತಿರುಗಿ ನಿಂತು, ಉಸಿರು ತುಂಬಿಕೊಂಡು ಕೂಗಿದೆ.

"ಮಹ್ಯಾರ್!"

ಬೀದಿಯಲ್ಲಿ ಯಾವ ಕದವೂ ಅಲುಗಲಿಲ್ಲ. ನಮ್ಮ ಮನೆಯೊಳಗೆ ಟಂಯ್ ಟಂಯ್ ಅನ್ನುತ್ತಿದ್ದ ಹತ್ತಿಯ ಬಿಲ್ಲು ನಿಂತಿತು. ಇವರು ಹೊಸ್ತಿಲಿಗೆ ಬಂದು, ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತ, "ಏನ ಬೇಕಿತ್ತವಾ?" ಅಂದರು.